ಹಿಮದ ಹಾದಿಯಲ್ಲಿ ಚಕ್ರಕ್ಕೆ ಸರಪಳಿ

ಕನ್ನಡ ನಾಡಿನಲ್ಲಿ ಹಿಮಪಾತವಾಗುವುದಿಲ್ಲ. ಆದರೂ ವಾಹನದ ಚಕ್ರಕ್ಕೆ ಸರಪಳಿ ತೊಡಿಸುವ ಪದ್ಧತಿ ಇಲ್ಲಿನ ಜನಕ್ಕೆ ತೀರ ಅಪರಿಚಿತವೇನಲ್ಲ. ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಮಳೆಗಾಲದ ಕೆಸರಿನ ಏರನ್ನು ಹತ್ತಬೇಕಾದ ಜೀಪುಗಳ ಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿಯುವುದನ್ನು ಅಲ್ಲಿನವರು ಬಲ್ಲರು. ಜಾರುವ ನೆಲವನ್ನು ಚಕ್ರವು ಕಚ್ಚಿ ಹಿಡಿಯುವಂತೆ ಮಾಡುವ ಈ ಸರಳ ಉಪಾಯವೇ ಹಿಮಾಲಯ, ಆಲ್ಪ್ಸ್ ಹಾಗೂ ಅಮೆರಿಕದ ಸಿಯೆರಾ ನೆವಾಡ ಪರ್ವತಗಳ ಚಳಿಗಾಲದ ಹೆದ್ದಾರಿಗಳಲ್ಲಿ ಪ್ರಾಣರಕ್ಷಣೆಯ ಸಾಧನವಾಗಿದೆ. ಅನೇಕ ಕಡೆ ಕಾನೂನಿನ ಕಟ್ಟಳೆಯೂ ಆಗಿದೆ.

ಇಂದು ಕರ್ನಾಟಕದ ಅನೇಕ ಕುಟುಂಬಗಳು ಚಳಿಗಾಲದಲ್ಲಿ ಮನಾಲಿ, ಗುಲ್‌ಮಾರ್ಗ್‌ಗಳಿಗೆ ಪ್ರವಾಸ ಹೋಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡಿಗರು ಹಿಮ ನೋಡಲು ಮಕ್ಕಳೊಡನೆ ಟಾಹೋ ಸರೋವರದ ಕಡೆಗೆ ತಾವೇ ಕಾರು ನಡೆಸಿಕೊಂಡು ಹೊರಡುತ್ತಾರೆ. ಹಿಮದ ನಡುವೆ ಹುಟ್ಟಿ ಬೆಳೆಯದ ಇಂಥವರಿಗೆ ಬಯಲುಸೀಮೆಯ ರಸ್ತೆಗಳಲ್ಲಿ ಇಪ್ಪತ್ತು ವರ್ಷ ಗಳಿಸಿದ ಚಾಲನೆಯ ಅನುಭವವು ಹಿಮದ ಮೊದಲ ತಿರುವಿನಲ್ಲಿಯೇ ಕೈಕೊಡಬಹುದು. ಆದುದರಿಂದ ಹಿಮವು ಏಕೆ ಜಾರುತ್ತದೆ, ಸರಪಳಿಯು ಏನು ಮಾಡಬಲ್ಲುದು, ಏನು ಮಾಡಲಾರದು, ಅದನ್ನು ಆರಿಸುವ ಮತ್ತು ತೊಡಿಸುವ ಕ್ರಮವೇನು ಎಂಬುದನ್ನು ತಿಳಿದಿರುವುದು ಉಪಯುಕ್ತ.

೧. ಜಾರುವಿಕೆಯ ಗಣಿತ

ವಾಹನವು ಮುಂದೆ ಸಾಗುವುದು, ತಿರುಗುವುದು, ನಿಲ್ಲುವುದು ಈ ಮೂರೂ ಟೈರು ಮತ್ತು ನೆಲದ ನಡುವಿನ ಘರ್ಷಣೆಯನ್ನು ಅವಲಂಬಿಸಿವೆ. ಇಂಜಿನ್ನು ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ಉತ್ತಮವಾಗಿರಲಿ, ಅವುಗಳ ಬಲವೆಲ್ಲ ನೆಲವನ್ನು ತಲುಪುವುದು ಪ್ರತಿ ಚಕ್ರದಡಿಯ ಅಂಗೈಯಗಲದ ಸ್ಪರ್ಶದ ಮೂಲಕವೇ. ಈ ಹಿಡಿತದ ಪ್ರಮಾಣವನ್ನು ಘರ್ಷಣ ಗುಣಾಂಕವೆಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಒಣ ಡಾಂಬರು ರಸ್ತೆಯಲ್ಲಿ ಅದು ಸುಮಾರು ೦.೭, ವಾಹನಗಳ ತುಳಿತದಿಂದ ಗಟ್ಟಿಯಾದ ಹಿಮದ ಮೇಲೆ ಸುಮಾರು ೦.೨, ಮಂಜುಗಡ್ಡೆಯ ಮೇಲೆ ಸುಮಾರು ೦.೧ ಅಥವಾ ಅದಕ್ಕೂ ಕಡಿಮೆ.

ಈ ಸಂಖ್ಯೆಗಳ ಅರ್ಥವನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಗಂಟೆಗೆ ೪೦ ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕು ಹಿಡಿದ ಕ್ಷಣದಿಂದ ನಿಲ್ಲುವವರೆಗೆ ಒಣ ರಸ್ತೆಯಲ್ಲಿ ಸುಮಾರು ೯ ಮೀಟರು ಸಾಗುತ್ತದೆ. ಗಟ್ಟಿ ಹಿಮದ ಮೇಲೆ ಇದು ಸುಮಾರು ೩೧ ಮೀಟರು. ಮಂಜುಗಡ್ಡೆಯ ಮೇಲೆ ೬೩ ಮೀಟರು. ಇದು ಸಮತಲದ ಲೆಕ್ಕ. ಹತ್ತು ಮೀಟರಿಗೆ ಒಂದು ಮೀಟರು ಇಳಿಯುವ ರಸ್ತೆಯಲ್ಲಿ ೦.೧ರ ಹಿಡಿತವು ಇಳಿಜಾರಿನ ಸೆಳೆತವನ್ನು ಸರಿದೂಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ನಿಲ್ಲಿಸಲು ಏನೂ ಉಳಿಯುವುದಿಲ್ಲ. ಅಂಥ ಕಡೆ ಜಾರತೊಡಗಿದ ವಾಹನವು ಯಾವುದಾದರೊಂದು ವಸ್ತುವಿಗೆ ತಗಲುವವರೆಗೆ ಜಾರುತ್ತಲೇ ಇರುತ್ತದೆ. ಪರ್ವತದ ರಸ್ತೆಯಲ್ಲಿ ಆ ವಸ್ತು ಬಂಡೆಯಾಗಿರಬಹುದು, ಎದುರಿನ ವಾಹನವಾಗಿರಬಹುದು. ಏನೂ ಇಲ್ಲದೆ ಕಣಿವೆಯೇ ಆಗಿರಬಹುದು.

ಏರುವಾಗಲೂ ಇದೇ ಗಣಿತ. ಅದೇ ಏರನ್ನು ಹತ್ತಲು ವಾಹನದ ತೂಕದ ಹತ್ತನೆಯ ಒಂದು ಪಾಲಿನಷ್ಟು ತಳ್ಳುಬಲ ಬೇಕು. ಆದರೆ ಸಾಮಾನ್ಯ ಕಾರುಗಳಲ್ಲಿ ಇಂಜಿನ್ನಿನ ಶಕ್ತಿ ತಲುಪುವುದು ಎರಡೇ ಚಕ್ರಗಳಿಗೆ. ಅವುಗಳ ಮೇಲಿರುವುದು ಹೆಚ್ಚು ಕಡಿಮೆ ಅರ್ಧ ತೂಕ. ಹಿಮದ ೦.೨ರ ಹಿಡಿತವನ್ನು ಅರ್ಧ ತೂಕದಿಂದ ಗುಣಿಸಿದರೆ ಬರುವುದು ಹತ್ತನೆಯ ಒಂದು ಪಾಲು ಮಾತ್ರ. ಎಂದರೆ ಕಾರು ಏರಿನ ನಡುವೆ ಹತ್ತುವುದೋ ಜಾರುವುದೋ ಎಂಬ ಅಂಚಿನಲ್ಲಿ ನಿಂತಿರುತ್ತದೆ. ಇಂಜಿನ್ನಿನ ಬಲ ಹೆಚ್ಚಿಸಿದರೆ ಚಕ್ರವು ನಿಂತಲ್ಲಿಯೇ ಸುತ್ತಿ, ಬಿಸಿಯಾಗಿ, ಹಿಮವನ್ನು ಕರಗಿಸಿ ಮತ್ತಷ್ಟು ನುಣುಪು ಮಾಡುತ್ತದೆಯೇ ಹೊರತು ವಾಹನ ಮುಂದೆ ಸಾಗುವುದಿಲ್ಲ.

ಚಳಿಯಿಂದ ಟೈರಿನ ಸ್ವಭಾವವೂ ಬದಲಾಗುತ್ತದೆ. ಬೇಸಗೆಯ ಟೈರುಗಳ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗಿ ಹಿಡಿತ ಕಳೆದುಕೊಳ್ಳುತ್ತದೆ. ಇನ್ನು ಮಂಜುಗಡ್ಡೆಯಲ್ಲಿ ಅತ್ಯಂತ ಅಪಾಯಕಾರಿಯಾದುದು ಕಡು ಚಳಿಯ ಒಣ ಗಡ್ಡೆಯಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮೇಲೆ ನೀರಿನ ತೆಳು ಪದರವಿರುವ ಗಡ್ಡೆ. ಹಿಮಾಲಯದ ರಸ್ತೆಗಳಲ್ಲಿ ಹಗಲಿನ ಬಿಸಿಲಿಗೆ ಕರಗಿ ಹರಿದ ನೀರು ರಾತ್ರಿ ಹೆಪ್ಪುಗಟ್ಟಿ, ಬೆಳಗಿನ ಹೊತ್ತು ಗಾಜಿನ ಹಾಸಿನಂತೆ ಕಾದಿರುತ್ತದೆ. ಅದರ ಮೂಲಕ ಡಾಂಬರಿನ ಕಪ್ಪು ಬಣ್ಣವೇ ಕಾಣುವುದರಿಂದ ಚಾಲಕನಿಗೆ ಅದು ಬರಿಯ ಒದ್ದೆ ರಸ್ತೆಯೆಂಬ ಭ್ರಮೆ ಹುಟ್ಟುತ್ತದೆ. ಇದನ್ನೇ ಕಪ್ಪು ಮಂಜುಗಡ್ಡೆಯೆನ್ನುವರು.

೨. ಸರಪಳಿಯ ಹುಟ್ಟು ಮತ್ತು ಕಾರ್ಯ

ಮೋಟಾರು ವಾಹನಗಳ ಆರಂಭ ಕಾಲದಲ್ಲಿ ಅಮೆರಿಕದ ಚಾಲಕರು ಕೆಸರು, ಹಿಮಗಳಲ್ಲಿ ಜಾರದಿರಲೆಂದು ಚಕ್ರಗಳಿಗೆ ಹಗ್ಗ ಸುತ್ತುತ್ತಿದ್ದರು. ಹಗ್ಗ ಬೇಗ ಸವೆದು ಹರಿಯುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಕೆನಸ್ಟೋಟ ಎಂಬ ಊರಿನ ಹ್ಯಾರಿ ವೀಡ್ ಎಂಬವನು ಹಗ್ಗದ ಬದಲು ಸರಪಳಿಯ ಜಾಲವನ್ನು ರೂಪಿಸಿ ೧೯೦೪ರ ಆಗಸ್ಟಿನಲ್ಲಿ ಅದರ ಹಕ್ಕುಪತ್ರ ಪಡೆದನು. ಟೈರಿನ ಒಳಬದಿಗೊಂದು, ಹೊರಬದಿಗೊಂದು ಉದ್ದ ಸರಪಳಿ. ಅವೆರಡನ್ನು ಜೋಡಿಸುವ ಅಡ್ಡ ಸರಪಳಿಗಳು. ಇಂದಿನವರೆಗೂ ಮೂಲ ವಿನ್ಯಾಸ ಇದೇ ಆಗಿದೆ.

ರಬ್ಬರು ಹಿಮದ ಮೈಯನ್ನು ಸವರಿಕೊಂಡು ಹೋಗುತ್ತದೆ. ಉಕ್ಕಿನ ಕೊಂಡಿ ಅದನ್ನು ಒಡೆದು ಒಳಹೊಗುತ್ತದೆ. ವಾಹನದ ಭಾರವೆಲ್ಲ ಕೊಂಡಿಗಳ ಕಿರಿದಾದ ಅಂಚುಗಳ ಮೇಲೆ ಬೀಳುವುದರಿಂದ ಅವು ಗಟ್ಟಿ ಹಿಮದಲ್ಲಿ ಮೆಟ್ಟಿಲು ಕೊರೆದಂತೆ ನಾಟಿಕೊಳ್ಳುತ್ತವೆ. ಸರಪಳಿಯಿಂದ ದೊರೆಯುವ ಲಾಭ ಇಷ್ಟೇ; ಆದರೆ ಹಿಮದ ಮೇಲೆ ಇಷ್ಟು ಲಾಭವೂ ದೊಡ್ಡದು. ಅದು ಇಂಜಿನ್ನಿಗೆ ಬಲವನ್ನಾಗಲಿ ಬ್ರೇಕಿಗೆ ಶಕ್ತಿಯನ್ನಾಗಲಿ ಕೊಡುವುದಿಲ್ಲ. ಹಿಮದ ರಸ್ತೆಯನ್ನು ಒಣ ರಸ್ತೆಯನ್ನಾಗಿಯೂ ಮಾಡುವುದಿಲ್ಲ. ಕಳೆದುಹೋದ ಹಿಡಿತದ ಒಂದು ಅಂಶವನ್ನು ಮಾತ್ರ ಮರಳಿ ದೊರಕಿಸುತ್ತದೆ. ಸರಿಯಾದ ಸರಪಳಿ, ಸರಿಯಾದ ಚಕ್ರ, ಸರಿಯಾದ ಸಮಯ ಈ ಮೂರೂ ಕೂಡಿದಲ್ಲಿ ಮಾತ್ರ ಆ ಅಂಶವೂ ಲಭಿಸುತ್ತದೆ.

೩. ಕಟ್ಟಳೆಗಳು

ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಿಂದ ಪೂರ್ವಕ್ಕೆ ಹೋಗುವ ೮೦ನೆಯ ಅಂತರರಾಜ್ಯ ಹೆದ್ದಾರಿಯು ೭,೨೩೯ ಅಡಿ ಎತ್ತರದ ಡಾನರ್ ಶಿಖರವನ್ನು ದಾಟುತ್ತದೆ. ಹಿಮ ಬಿದ್ದಾಗ ಅಲ್ಲಿ ಮೂರು ಹಂತಗಳ ನಿಯಂತ್ರಣ ಜಾರಿಗೆ ಬರುತ್ತದೆ. ಮೊದಲನೆಯ ಹಂತದಲ್ಲಿ ಹಿಮದ ಟೈರುಳ್ಳ ಕಾರುಗಳಿಗೆ ಸರಪಳಿಯಿಲ್ಲದೆ ಸಾಗಲು ಅವಕಾಶವುಂಟು. ಎರಡನೆಯದರಲ್ಲಿ ಈ ವಿನಾಯಿತಿಯು ನಾಲ್ಕೂ ಚಕ್ರಗಳಿಗೆ ಶಕ್ತಿ ತಲುಪುವ, ನಾಲ್ಕಕ್ಕೂ ಹಿಮದ ಟೈರುಳ್ಳ ವಾಹನಗಳಿಗೆ ಮಾತ್ರ. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಆದರೆ ಪರಿಸ್ಥಿತಿ ಅಷ್ಟಕ್ಕೆ ಬರುವ ಮೊದಲೇ ರಸ್ತೆಯನ್ನು ಮುಚ್ಚುವುದೇ ಹೆಚ್ಚು. ಸರಪಳಿ ಕಡ್ಡಾಯವಾದ ಭಾಗದಲ್ಲಿ ವೇಗದ ಮಿತಿ ಗಂಟೆಗೆ ೨೫ ಅಥವಾ ೩೦ ಮೈಲಿ. ರಸ್ತೆಯ ಬದಿಯಲ್ಲಿ ಹಣ ಪಡೆದು ಸರಪಳಿ ತೊಡಿಸಿಕೊಡುವ, ಪರವಾನಗಿ ಬಿಲ್ಲೆ ಧರಿಸಿದ ಕೆಲಸಗಾರರೂ ಅಲ್ಲಿರುತ್ತಾರೆ. ಆದರೆ ಅವರು ಸರಪಳಿಯನ್ನು ಮಾರುವಂತಿಲ್ಲ; ಅದನ್ನು ಪ್ರಯಾಣಿಕರೇ ತಂದಿರಬೇಕು.

ಯುರೋಪಿನಲ್ಲಿ ನೀಲಿ ವೃತ್ತದೊಳಗೆ ಸರಪಳಿ ಸುತ್ತಿದ ಟೈರಿನ ಬಿಳಿ ಚಿತ್ರವಿರುವ ಫಲಕ ಕಂಡರೆ ಅಲ್ಲಿಂದ ಮುಂದೆ ಸರಪಳಿ ಕಡ್ಡಾಯವೆಂದು ಅರ್ಥ. ಜರ್ಮನಿಯಲ್ಲಿ ಸರಪಳಿ ತೊಡಿಸಿದ ವಾಹನವು ಗಂಟೆಗೆ ೫೦ ಕಿ.ಮೀ. ಮೀರುವಂತಿಲ್ಲ.

ಭಾರತದಲ್ಲಿ ಹಿಮ ಬಿದ್ದ ದಿನ ಆಯಾ ಪ್ರದೇಶದ ಪೊಲೀಸರು ಆದೇಶ ಹೊರಡಿಸುತ್ತಾರೆ. ಕಾಶ್ಮೀರದ ತಂಗ್‌ಮಾರ್ಗ್‌ನಿಂದ ಗುಲ್‌ಮಾರ್ಗ್‌ಗೆ ಏರುವ ರಸ್ತೆ ಹಾಗೂ ಹಿಮಾಚಲದ ಸೋಲಾಂಗ್‌ನಿಂದ ಅಟಲ್ ಸುರಂಗದ ಕಡೆಗೆ ಹೋಗುವ ರಸ್ತೆಗಳಲ್ಲಿ, ನಾಲ್ಕೂ ಚಕ್ರಗಳಿಗೆ ಶಕ್ತಿಯುಳ್ಳ ವಾಹನಗಳನ್ನು ಅಥವಾ ಸರಪಳಿ ತೊಡಿಸಿದ ವಾಹನಗಳನ್ನು ಮಾತ್ರ ಬಿಡುವುದು ರೂಢಿ. ೯.೦೨ ಕಿ.ಮೀ. ಉದ್ದದ ಅಟಲ್ ಸುರಂಗವು ೨೦೨೦ರ ಅಕ್ಟೋಬರ್ ೩ರಂದು ತೆರೆದ ಮೇಲೆ, ೩,೯೭೮ ಮೀಟರು ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ಹತ್ತದೆಯೇ ಲಾಹೌಲ್ ತಲುಪುವಂತಾಯಿತು. ಇದರಿಂದ ಹಿಂದೆ ಚಳಿಗಾಲದಲ್ಲಿ ಮುಚ್ಚಿರುತ್ತಿದ್ದ ಸೀಮೆಗೆ ಪ್ರವಾಸಿಗರು ನಡುಚಳಿಯಲ್ಲಿಯೂ ಹೋಗತೊಡಗಿದ್ದಾರೆ. ಸುರಂಗದ ಒಳಗೆ ಹಿಮವಿಲ್ಲ; ಅದರ ಎರಡು ಬಾಯಿಗಳಿಗೂ ತಲುಪುವ ರಸ್ತೆಗಳ ಮೇಲೆ ಇದೆ. ಸೌಲಭ್ಯ ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕಾದುದು ಇಲ್ಲಿ.

೪. ಆಯ್ಕೆಯ ಕ್ರಮ

ಸರಪಳಿಯ ಆಯ್ಕೆಯು ಟೈರಿನ ಬದಿಯ ಬರಹವನ್ನು ಓದುವುದರಿಂದ ಆರಂಭವಾಗಬೇಕು. ೧೮೫/೬೫ ಆರ್ ೧೫ ಎಂದಿದ್ದರೆ ಟೈರಿನ ಅಗಲ ೧೮೫ ಮಿಲಿಮೀಟರು. ಬದಿಯ ಎತ್ತರ ಆ ಅಗಲದ ನೂರಕ್ಕೆ ೬೫ ಭಾಗ. ರಿಮ್ಮಿನ ವ್ಯಾಸ ೧೫ ಅಂಗುಲ. ಮೂರು ಸಂಖ್ಯೆಗಳೂ ಮುಖ್ಯ. ‘ಹದಿನೈದು ಅಂಗುಲದ ಚಕ್ರಕ್ಕೆ ಒಂದು ಜೊತೆ’ ಎಂದು ಅಂಗಡಿಯಲ್ಲಿ ಕೇಳಿದರೆ ಮೋಸಹೋಗುವ ಸಂಭವವುಂಟು. ಮೇಲಿನ ಟೈರಿನ ಪೂರ್ಣ ವ್ಯಾಸ ಸುಮಾರು ೬೨೨ ಮಿಲಿಮೀಟರು. ಅದೇ ೧೫ ಅಂಗುಲದ ರಿಮ್ಮಿನ ೨೧೫/೭೫ ಟೈರಿನ ವ್ಯಾಸ ಸುಮಾರು ೭೦೪ ಮಿಲಿಮೀಟರು. ಸುತ್ತಳತೆಯಲ್ಲಿ ಕಾಲು ಮೀಟರಿಗೂ ಮಿಕ್ಕ ವ್ಯತ್ಯಾಸ! ದೊಡ್ಡ ಸರಪಳಿ ಸಡಿಲವಾಗಿ ಬಡಿದು ಬ್ರೇಕಿನ ನಳಿಕೆಯನ್ನೇ ಕತ್ತರಿಸಬಹುದು. ಚಿಕ್ಕದರ ಕೊಂಡಿ ಕೂಡುವುದೇ ಇಲ್ಲ. ತಯಾರಕರ ಪಟ್ಟಿಯಲ್ಲಿ ಟೈರಿನ ಪೂರ್ಣ ಅಳತೆ ನಮೂದಾಗಿರುವ ಸರಪಳಿಯನ್ನೇ ಕೊಳ್ಳಬೇಕು.

ಎರಡನೆಯದಾಗಿ, ವಾಹನದ ಕೈಪಿಡಿಯನ್ನು ನೋಡಬೇಕು. ಇಂದಿನ ಅನೇಕ ಕಾರುಗಳಲ್ಲಿ ಟೈರಿಗೂ ಚಕ್ರದ ಗೂಡಿಗೂ ನಡುವೆ ತೆರಪು ಬಹಳ ಕಡಿಮೆ. ಅಂಥವುಗಳಿಗೆ ದಪ್ಪ ಸರಪಳಿ ಸಲ್ಲದು. ಅಮೆರಿಕದಲ್ಲಿ ಈ ತೆರಪಿಗೆ ಅನುಗುಣವಾಗಿ ಎಸ್, ಯು, ಡಬ್ಲ್ಯು ಎಂಬ ಮೂರು ದರ್ಜೆಗಳಿವೆ. ಎಸ್ ಅತ್ಯಂತ ಕಡಿಮೆ ತೆರಪಿನ ವಾಹನಗಳಿಗೆ, ಡಬ್ಲ್ಯು ಅತ್ಯಂತ ಹೆಚ್ಚು ತೆರಪಿನವುಗಳಿಗೆ. ಕೆಲವು ಟೈರಿನ ಅಳತೆಗಳಿಗೆ ಸರಪಳಿ ಕೂಡದೆಂದು ಕೈಪಿಡಿಯೇ ಹೇಳಿರುವುದುಂಟು. ಅದನ್ನು ಮೀರಬಾರದು.

ಮೂರನೆಯದು ಸರಪಳಿಯ ಬಗೆ. ಅಡ್ಡ ಸರಪಳಿಗಳು ಏಣಿಯ ಮೆಟ್ಟಿಲಿನಂತಿರುವ ಬಗೆ ಹಳೆಯದು, ಗಟ್ಟಿಯಾದುದು, ಅಗ್ಗವಾದುದು. ಮೆಟ್ಟಿಲುಗಳ ನಡುವೆ ಬರಿಯ ರಬ್ಬರು ನೆಲವನ್ನು ಮುಟ್ಟುವುದರಿಂದ ಓಟ ಒರಟು; ಪಕ್ಕಕ್ಕೆ ಜಾರುವುದನ್ನು ತಡೆಯುವ ಶಕ್ತಿಯೂ ಕಡಿಮೆ. ವಜ್ರಾಕೃತಿಯ ಹೆಣಿಗೆಯಲ್ಲಿ ಸರಪಳಿಯು ಸದಾ ನೆಲವನ್ನು ಮುಟ್ಟಿರುವುದರಿಂದ ತಿರುವುಗಳಲ್ಲಿ ಹಿಡಿತ ಹೆಚ್ಚು. ಸಂಸಾರದ ಕಾರಿಗೆ ಇದು ಮೇಲು. ಉಕ್ಕಿನ ತಂತಿಯ ಹುರಿಗಳಿಂದ ಮಾಡಿದವು ಹಗುರ, ತೆಳು, ತೆರಪು ಕಡಿಮೆಯಿರುವ ಕಾರುಗಳಿಗೆ ಅನುಕೂಲ. ಗಡ್ಡೆಯನ್ನು ಕಚ್ಚುವುದರಲ್ಲಿ ಸರಪಳಿಗೆ ಸಮವಲ್ಲ. ಟೈರಿಗೆ ಚೀಲದಂತೆ ಹೊದಿಸುವ ಬಟ್ಟೆಯ ಕವಚಗಳೂ ಬಂದಿವೆ. ತೊಡಿಸಲು ಬಲು ಸುಲಭ. ಆದರೆ ಬರಿಯ ಡಾಂಬರಿನ ಮೇಲೆ ಬೇಗ ಹರಿಯುತ್ತವೆ. ಯಾವ ಬಗೆಯನ್ನೇ ಆರಿಸಲಿ, ಹೋಗುವ ಪ್ರದೇಶದ ನಿಯಮ ಅದನ್ನು ಒಪ್ಪುವುದೇ ಎಂದು ಮೊದಲೇ ವಿಚಾರಿಸಬೇಕು.

೫. ಯಾವ ಚಕ್ರಕ್ಕೆ?

ಸರಪಳಿಯನ್ನು ಒಂದೇ ಚಕ್ರಕ್ಕೆ ಹಾಕುವಂತಿಲ್ಲ. ಒಂದು ಅಚ್ಚಿನ ಎರಡು ಚಕ್ರಗಳಿಗೂ ಹಾಕಬೇಕು. ಒಂದು ಜೊತೆ ಮಾತ್ರ ಇದ್ದಾಗ ಇಂಜಿನ್ನಿನ ಶಕ್ತಿ ತಲುಪುವ ಚಕ್ರಗಳಿಗೆ ತೊಡಿಸುವುದು ನಿಯಮ. ಇಂದಿನ ಬಹುಪಾಲು ಚಿಕ್ಕ ಕಾರುಗಳಲ್ಲಿ ಅವು ಮುಂದಿನ ಚಕ್ರಗಳು. ಕೆಲವು ಜೀಪು, ವ್ಯಾನುಗಳಲ್ಲಿ ಹಿಂದಿನವು. ನಾಲ್ಕೂ ಚಕ್ರಗಳಿಗೆ ಶಕ್ತಿಯುಳ್ಳ ವಾಹನದಲ್ಲಿ ಕೈಪಿಡಿ ಹೇಳಿದಂತೆ ನಡೆಯಬೇಕು.

ಒಂದು ಜೊತೆಯ ಸರಪಳಿ ಏರುವುದಕ್ಕೆ ಸಾಕಾದರೂ ಇಳಿಯುವಾಗ ಮತ್ತೊಂದು ಅಪಾಯವನ್ನು ತಂದೊಡ್ಡುತ್ತದೆ. ಮುಂದಿನ ಚಕ್ರಗಳಿಗೆ ಮಾತ್ರ ಸರಪಳಿಯಿರುವ ಕಾರು ಇಳಿಜಾರಿನ ತಿರುವಿನಲ್ಲಿ ಬ್ರೇಕು ಹಿಡಿದಾಗ ಮುಂಭಾಗ ಕಚ್ಚಿಕೊಳ್ಳುತ್ತದೆ, ಹಿಂಭಾಗ ಹಿಡಿತವಿಲ್ಲದೆ ಬೀಸಿ ಹೊರಗೆ ತಿರುಗುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಇದ್ದರೆ ಸ್ಟೀರಿಂಗು ತಿರುಗಿಸಿದರೂ ಮುಂದಿನ ಚಕ್ರಗಳು ನೇರವಾಗಿಯೇ ಜಾರುತ್ತವೆ. ಆದುದರಿಂದ ಕೈಪಿಡಿ ಒಪ್ಪಿದರೆ ಎರಡು ಜೊತೆ ಕೊಂಡು ನಾಲ್ಕೂ ಚಕ್ರಗಳಿಗೆ ತೊಡಿಸುವುದು ಉತ್ತಮ. ಹತ್ತಿದೆನೆಂಬ ಧೈರ್ಯದಲ್ಲಿ ಇಳಿಯಹೊರಡುವುದೇ ಅನನುಭವಿಯ ದೊಡ್ಡ ತಪ್ಪು.

೬. ತೊಡಿಸುವ ವಿಧಾನ

ಹಿಮದಲ್ಲಿ ನಿಂತು ಮೊದಲ ಬಾರಿಗೆ ಸರಪಳಿಯ ಪೆಟ್ಟಿಗೆ ತೆರೆಯುವವನ ಪಾಡು ಪರೀಕ್ಷೆಯ ಕೊಠಡಿಯಲ್ಲಿ ಮೊದಲ ಬಾರಿಗೆ ಪುಸ್ತಕ ಬಿಡಿಸಿದ ವಿದ್ಯಾರ್ಥಿಯ ಪಾಡು. ಬೆರಳು ಮರಗಟ್ಟಿರುತ್ತವೆ, ಬೆಳಕು ಕಡಿಮೆ, ಹಿಂದೆ ವಾಹನಗಳ ಸಾಲು. ಮನೆಯ ಅಂಗಳದಲ್ಲಿ, ಒಣ ನೆಲದ ಮೇಲೆ, ಎರಡು ಮೂರು ಬಾರಿ ಅಭ್ಯಾಸ ಮಾಡಿರಬೇಕು. ಕೈಗವಸು, ಬ್ಯಾಟರಿ ದೀಪ, ಮೊಣಕಾಲೂರಲು ಒಂದು ಚಾಪೆ, ಚಿಕ್ಕ ಸಲಿಕೆ ಇವು ಸರಪಳಿಯ ಜೊತೆಯಲ್ಲಿರಬೇಕು. ಜೋಡಣೆಯ ವಿವರಗಳು ತಯಾರಕರಿಗನುಸಾರ ಸ್ವಲ್ಪ ಬೇರೆಯಾದರೂ ಸಾಮಾನ್ಯ ಕ್ರಮ ಇಂತಿದೆ:

(ಅ) ಏರು ಆರಂಭವಾಗುವ ಮೊದಲೇ, ಸಮತಟ್ಟಾದ ಸ್ಥಳದಲ್ಲಿ, ವಾಹನಗಳ ಹಾದಿಯಿಂದ ಹೊರಗೆ ನಿಲ್ಲಿಸಬೇಕು. ತಿರುವಿನಲ್ಲಾಗಲಿ ಇಳಿಜಾರಿನಲ್ಲಾಗಲಿ ನಿಲ್ಲಿಸಕೂಡದು. ಕೈಬ್ರೇಕು ಹಾಕಿ, ಇಂಜಿನ್ನು ಆರಿಸಿ, ಅಪಾಯಸೂಚಕ ದೀಪಗಳನ್ನು ಉರಿಸಬೇಕು. ಮಕ್ಕಳು ರಸ್ತೆಗೆ ಇಳಿಯದಂತೆ ನೋಡಿಕೊಳ್ಳಬೇಕು.

(ಆ) ಸರಪಳಿಯನ್ನು ನೆಲದ ಮೇಲೆ ಹರಡಿ ತಿರುಚುಗಳನ್ನೆಲ್ಲ ಬಿಡಿಸಬೇಕು. ಅಡ್ಡ ಸರಪಳಿಗಳ ಕೊಕ್ಕೆಯ ತೆರೆದ ತುದಿ ಟೈರಿನಿಂದ ಹೊರಮುಖವಾಗಿರಬೇಕು. ಒಳಮುಖವಾದರೆ ಟೈರಿನ ಬದಿಯನ್ನು ಕೊರೆಯುತ್ತದೆ.

(ಇ) ಟೈರಿನ ಮೇಲೆ ಹೊದಿಸಿ ಎರಡು ಬದಿಗೂ ಸಮನಾಗಿ ಇಳಿಬಿಡಬೇಕು. ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು. ಟೈರಿನ ಅಡಿಗೆ ಸಿಕ್ಕಿದ ಭಾಗ ಎಳೆತಕ್ಕೆ ಬಾರದಿದ್ದರೆ ಎಲ್ಲರೂ ದೂರ ನಿಂತ ಮೇಲೆ ವಾಹನವನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದೆ ಸರಿಸಿ ಜೋಡಿಸಬಹುದು. ವಾಹನವನ್ನು ಜಾಕಿಯಿಂದ ಎತ್ತುವ ಅಥವಾ ಟೈರಿನ ಗಾಳಿ ಇಳಿಸುವ ಅಗತ್ಯವಿಲ್ಲ. ಹಿಮದ ಮೇಲೆ ಜಾಕಿ ಜಾರುವುದು ಅಪಾಯಕರ.

(ಈ) ಕೈಯಲ್ಲಿ ಸಾಧ್ಯವಿದ್ದಷ್ಟು ಬಿಗಿದು, ಉಳಿದ ತುದಿ ಬಡಿಯದಂತೆ ಕಟ್ಟಬೇಕು. ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಸರಪಳಿ ಎಲ್ಲಿಯೂ ತಗಲದೆಂದು ಖಚಿತಪಡಿಸಿಕೊಳ್ಳಬೇಕು.

(ಉ) ಸುಮಾರು ನೂರು ಮೀಟರು ನಿಧಾನವಾಗಿ ನಡೆಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿಯಬೇಕು. ಮೊದಲ ಬಿಗಿತವು ಉರುಳಿದ ಮೇಲೆ ಸಡಿಲವಾಗಿಯೇ ತೀರುತ್ತದೆ. ತಾನಾಗಿಯೇ ಬಿಗಿದುಕೊಳ್ಳುವ ಸರಪಳಿಯೆಂದು ತಯಾರಕರು ಹೇಳಿದ್ದರೂ ಒಮ್ಮೆ ಇಳಿದು ನೋಡುವುದು ಕ್ಷೇಮ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು; ಸರಪಳಿ ಕಡಿಯುವುದು, ಕಳಚುವುದು ಹೆಚ್ಚಾಗಿ ಇದರಿಂದಲೇ.

೭. ನಡೆಸುವುದು, ಕಳಚುವುದು, ಕಾಪಾಡುವುದು

ಸರಪಳಿ ತೊಡಿಸಿದ ವಾಹನದ ವೇಗ ತಯಾರಕರು ಹೇಳಿದ ಮಿತಿಯೊಳಗಿರಬೇಕು. ಸಾಮಾನ್ಯವಾಗಿ ಅದು ಗಂಟೆಗೆ ೪೦ರಿಂದ ೫೦ ಕಿ.ಮೀ. ತಿರುವು, ಇಳಿಜಾರುಗಳಲ್ಲಿ ಅದರ ಅರ್ಧವೂ ಹೆಚ್ಚಾದೀತು. ಏರುವಾಗ ಚಕ್ರ ನಿಂತಲ್ಲಿ ಸುತ್ತದಂತೆ ಮೆಲ್ಲನೆ ವೇಗ ಕೊಡಬೇಕು. ಇಳಿಯುವಾಗ ಕೆಳಗಿನ ಗೇರಿನಲ್ಲಿ, ಬ್ರೇಕನ್ನು ಹಗುರವಾಗಿ ಬಳಸುತ್ತ, ಮುಂದಿನ ವಾಹನದಿಂದ ದೂರವಿರಬೇಕು. ಲಯ ತಪ್ಪಿದ ಬಡಿತ ಕೇಳಿದರೆ ತಕ್ಷಣ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ನೋಡಬೇಕು. ಕಡಿದ ಕೊಂಡಿಯೊಂದು ಪ್ರತಿ ಸುತ್ತಿಗೂ ಚಕ್ರದ ಗೂಡನ್ನು ಹೊಡೆಯುತ್ತಿರಬಹುದು.

ಹಿಮ ಮುಗಿದು ಬರಿಯ ರಸ್ತೆ ಬಂದ ಮೇಲೆ ಸರಪಳಿಯನ್ನು ಕಳಚಬೇಕು. ಬರಿಯ ಡಾಂಬರಿನ ಮೇಲೆ ಅದು ರಸ್ತೆಯನ್ನೂ ಟೈರನ್ನೂ ತನ್ನನ್ನೂ ಸವೆಸುತ್ತದೆ. ಹಿಡಿತವನ್ನೂ ಕಡಿಮೆ ಮಾಡುತ್ತದೆ. ಮನೆಗೆ ಬಂದ ಮೇಲೆ ಬಿಸಿ ನೀರಿನಲ್ಲಿ ತೊಳೆದು, ರಸ್ತೆಗೆ ಹಾಕಿದ ಉಪ್ಪಿನ ಅಂಶ ಹೋಗಲಾಡಿಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಸವೆದ ಕೊಂಡಿಗಳನ್ನು ಮುಂದಿನ ಚಳಿಗಾಲಕ್ಕೆ ಮೊದಲೇ ಬದಲಾಯಿಸಬೇಕು.

೮. ಸರಪಳಿಯ ಮಿತಿ

ಸರಪಳಿಯು ರಸ್ತೆ ಇದ್ದಲ್ಲಿ ಮಾತ್ರ ಉಪಕರಿಸುತ್ತದೆ. ಚಕ್ರದ ಅರ್ಧಕ್ಕೇರಿದ ಹೊಸ ಹಿಮದಲ್ಲಿ ಕಾರಿನ ಹೊಟ್ಟೆಯೇ ಹಿಮದ ಮೇಲೆ ಕೂತು ಚಕ್ರಗಳು ಗಾಳಿಯಲ್ಲಿ ಸುತ್ತುತ್ತವೆ. ಮುಂದೆ ನೂರು ವಾಹನಗಳು ಸಿಕ್ಕಿಕೊಂಡಿದ್ದರೆ ಹಿಂದಿನವನ ಸರಪಳಿಯಿಂದ ಪ್ರಯೋಜನವಿಲ್ಲ. ೨೦೧೮ರ ಡಿಸೆಂಬರಿನಲ್ಲಿ ಸಿಕ್ಕಿಮಿನ ನಾಥೂಲಾ ಸಮೀಪ ಹಿಮದಲ್ಲಿ ಸಿಲುಕಿದ ಸುಮಾರು ೨,೫೦೦ ಪ್ರವಾಸಿಗರನ್ನು ಭಾರತೀಯ ಸೇನೆಯು ರಕ್ಷಿಸಿ ತನ್ನ ವಸತಿಗಳಲ್ಲಿ ಆಶ್ರಯ ನೀಡಿತು. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದಲ್ಲಿ ಅಂಥ ರಕ್ಷಣೆ ಸಕಾಲದಲ್ಲಿ ಒದಗಲಿಲ್ಲ; ರಾತ್ರಿಯೆಲ್ಲ ಸಾಲುಗಟ್ಟಿ ನಿಂತ ವಾಹನಗಳೊಳಗೆ ಮಕ್ಕಳು ಸೇರಿ ೨೦ಕ್ಕೂ ಹೆಚ್ಚು ಜನ ಮಡಿದರು.

ಅಂಥ ರಾತ್ರಿಗಳಲ್ಲಿ ಚಳಿಯಷ್ಟೇ ಘೋರವಾದ ಇನ್ನೊಂದು ಅಪಾಯವಿದೆ. ಬೆಚ್ಚಗಿರಲೆಂದು ಇಂಜಿನ್ನು ನಡೆಸಿ, ಗಾಜುಗಳನ್ನು ಏರಿಸಿ ಕುಳಿತವರ ಕಾರಿನ ಹೊಗೆಕೊಳವೆಯು ಹಿಮದಲ್ಲಿ ಮುಚ್ಚಿಹೋದರೆ ಇಂಗಾಲದ ಮಾನಾಕ್ಸೈಡು ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಂತೆ ಬಂದು ಪ್ರಾಣ ಒಯ್ಯುತ್ತದೆ. ಸಿಲುಕಿದವರು ಕೊಳವೆಯ ಸುತ್ತಲಿನ ಹಿಮವನ್ನು ಮತ್ತೆ ಮತ್ತೆ ಸಲಿಕೆಯಿಂದ ತೆಗೆಯಬೇಕು; ಇಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ನಡೆಸಬೇಕು; ಗಾಜನ್ನು ಕೊಂಚ ತೆರೆದಿರಬೇಕು. ಕಂಬಳಿ, ನೀರು, ಒಣ ತಿನಿಸು ವಾಹನದಲ್ಲಿದ್ದರೆ ಇಂಜಿನ್ನಿನ ಬಿಸಿಯನ್ನೇ ನೆಚ್ಚಬೇಕಾಗಿಲ್ಲ.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವ ಸಂಗತಿಯೆಂದರೆ, ಹಿಮದ ಹಾದಿಯ ಮುಖ್ಯ ನಿರ್ಧಾರಗಳೆಲ್ಲ ಹಿಮ ತಲುಪುವ ಮೊದಲೇ ಆಗತಕ್ಕವು. ಅಳತೆ ನೋಡಿ ಕೊಳ್ಳುವುದು ಊರಿನಲ್ಲಿ, ತೊಡಿಸಲು ಕಲಿಯುವುದು ಅಂಗಳದಲ್ಲಿ, ತೊಡಿಸುವುದು ಏರಿನ ಬುಡದಲ್ಲಿ. ಬಾಡಿಗೆ ವಾಹನದಲ್ಲಿ ಹೋಗುವವರೂ ‘ಸರಪಳಿ ಇದೆಯೇ? ಈ ಟೈರಿನ ಅಳತೆಯದೇ?’ ಎಂದು ಹೊರಡುವ ಮೊದಲು ಚಾಲಕನನ್ನು ಕೇಳುವುದು ಅವಿಶ್ವಾಸವಲ್ಲ, ವಿವೇಕ. ಪೊಲೀಸರು ಮುಂದೆ ಹೋಗಬೇಡಿರೆಂದಾಗ ಹಿಂದಿರುಗುವುದೂ ಅದೇ ವಿವೇಕದ ಭಾಗ. ನೋಡದೆ ಬಂದ ಹಿಮವನ್ನು ಮುಂದಿನ ವರ್ಷ ನೋಡಬಹುದು. ಡಿಕ್ಕಿಯಲ್ಲಿ ಬಿಚ್ಚದೆ ಉಳಿದ ಸರಪಳಿ ಮಾತ್ರ ಜಾರಿದ ಮೇಲೆ ಯಾವ ಉಪಯೋಗಕ್ಕೂ ಬಾರದು.